ಗಂಜಿಮನೆಯ ಕೊನೆಯ ಹಾಜರಿ

ಕದಿರಮ್ಮ ಮೊಮ್ಮಗಳು ಇಂದ್ರಾಣಿಗೆ ಬಂಗಾರದ ರಕ್ಕಸಿಯ ಕತೆ ಹೇಳುತ್ತಿದ್ದುದು ಗಂಜಿಯ ಸಾಲಿನಲ್ಲಿ ಕೂತು. ಆ ರಕ್ಕಸಿ ಹಿಡಿದ ಮಗುವನ್ನು ತಿನ್ನುವುದಿಲ್ಲ. ನೆಲದಡಿಯ ಅರಮನೆಯಲ್ಲಿ ಹಾಲು ಹಣ್ಣು ಕೊಟ್ಟು, ತಲೆ ಬಾಚಿ, ಹಾಡು ಕಲಿಸಿ ವರ್ಷಗಟ್ಟಲೆ ಸಾಕುತ್ತಾಳೆ. ಯಾಕೆ ಸಾಕುತ್ತಾಳೆ ಎಂದು ಕೇಳುವಷ್ಟರಲ್ಲಿ ಅಂಡೆಯ ಮುಚ್ಚಳ ತೆಗೆಯುವ ಸದ್ದಾಗುತ್ತಿತ್ತು. ಇಂದ್ರಾಣಿ ಅಲ್ಯೂಮಿನಿಯಂ ಬಟ್ಟಲು ಹಿಡಿದು ಓಡುತ್ತಿದ್ದಳು.

ಚಾಂಪಿಯನ್ ರೀಫ್ಸ್‌ನ ಗಣಿ ಕೂಲಿಗಳ ಲೈನುಮನೆಗಳ ನಡುವಿನ ಆ ಗಂಜಿಮನೆ ಒಂದು ಟ್ರಸ್ಟಿನದು. ಚಿನ್ನದ ಗಣಿ ಮುಚ್ಚಿದ ಮೇಲೆ ಎದೆಯಲ್ಲಿ ಕಲ್ಲುಧೂಳು ಕಟ್ಟಿಕೊಂಡು ಉಳಿದ ಮುದುಕರಿಗೆ, ಗಂಡ ಸತ್ತವರಿಗೆ ಮಧ್ಯಾಹ್ನದ ಊಟ ಅಲ್ಲಿಯೇ. ಇಂದ್ರಾಣಿಯ ಮೂಳೆ ಬಲಿತದ್ದೂ ಆ ಗಂಜಿಯಲ್ಲೇ.

ಅವಳು ಪಿಯುಸಿಗೆ ಬಂದಾಗ ಟ್ರಸ್ಟಿಗೆ ವಿಜಯಕುಮಾರ್ ಸಾರ್ ಬಂದರು. ಹಂಚುತ್ತಾ ಹೋದರೆ ಜನ ಎದ್ದು ನಿಲ್ಲುವುದಿಲ್ಲ, ಹರೆಯದವರನ್ನು ಐದು ವರ್ಷ ತಿದ್ದಿ ನಾಯಕರಾಗಿ ಬೆಳೆಸಬೇಕು ಎಂದರು. ಅವರು ಆರಿಸಿಕೊಂಡವರಲ್ಲಿ ಇಂದ್ರಾಣಿಯೂ ಒಬ್ಬಳು. ವಾರವಾರವೂ ರೈಲು ಹತ್ತಿ ಟ್ರಸ್ಟಿನ ಬಂಗಾರಪೇಟೆ ಕೇಂದ್ರಕ್ಕೆ ತರಬೇತಿಗೆ ಹೋದಳು. ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದವಳು ನಗರಸಭೆಯಲ್ಲಿ ನಿಂತು ವಾದಿಸಿ ಲೈನಿಗೆ ನೀರು ತಂದಳು. ರೈಲಿನ ಕಿಟಕಿಯಾಚೆ ಗಣಿಯ ವಿಷಮಣ್ಣು ಸುರಿದ ಸೈನೈಡ್ ಗುಡ್ಡ ಬೆಳುದಿಂಗಳು ಹೆಪ್ಪುಗಟ್ಟಿದಂತೆ ಕಾಣುವಾಗ, ಇದರ ಮೇಲೂ ಒಂದು ದಿನ ಹಸಿರು ತರುತ್ತೇನೆ ಎಂದುಕೊಳ್ಳುತ್ತಿದ್ದಳು. ತರುತ್ತಿದ್ದಳೇನೋ.

ಕೊನೆಯ ವರ್ಷಕ್ಕೆ ಉಳಿದವರು ಇಬ್ಬರೇ. ಅವರಿಗೆ ಸಾರ್ ಕೊನೆಯ ಕೆಲಸ ಕೊಟ್ಟರು.

"ನಿಮ್ಮ ನಿಮ್ಮ ಜಾಗದ ಗಂಜಿಮನೆ ಮುಚ್ಚಬೇಕು. ನಾವು ಮುಚ್ಚೋದಲ್ಲ, ಜನರೇ ಒಪ್ಪಿ ಬೇಡ ಅನ್ನಬೇಕು. ಅದನ್ನ ಮಾಡಿಸಿದವರೇ ಬಂಗಾರಪೇಟೆ ಕೇಂದ್ರದ ಮುಖ್ಯಸ್ಥರು."

ಉರಿಗಾಂನ ಸುಮಲತ ಸಭೆ ಕರೆದು ಜನರನ್ನು ನೇರವಾಗಿ ಕೇಳಿದಳು. ಮುದುಕಿಯರು ಅವಳ ಮೈಮೇಲೆ ಗಂಜಿಯ ತಿಳಿ ಎರಚಿದರು. ಇನ್ನುಳಿದವಳು ಇಂದ್ರಾಣಿ.

"ನೀನೂ ಕೇಳ್ತೀಯೇನಮ್ಮಿ?" ಕದಿರಮ್ಮ ನಕ್ಕಳು. "ಕೇಳ್ನೋಡು. ಸಾಲಿನಾಗೆ ಮುಂದೆ ಕೂರೋ ಆ ಮುದುಕ ಸೆಲ್ವರಾಜ್ ಬಟ್ಲಿನಾಗೇ ಬಾರಿಸ್ತಾನೆ."

"ಇನ್ನೂ ಎಷ್ಟು ದಿನ ಅಂತ ಕೈ ಚಾಚ್ಕೊಂಡು ಕೂರೋದಜ್ಜಿ?"

"ನಾನು ಕೈ ಚಾಚಿದ್ಕೇ ಕಣೇ ನಿನ್ ಕಾಲ್ಗೆ ಬಲ ಬಂದಿದ್ದು. ಓಗು, ನಿಮ್ ಸಾರ್‌ಗೆ ಯೋಳು."

ಇಂದ್ರಾಣಿ ಯಾರನ್ನೂ ಕೇಳಲಿಲ್ಲ. ಆ ಮುದುಕರು ಅವಳಿಗೆ ಚೆನ್ನಾಗಿ ಗೊತ್ತಿದ್ದರು. ಗಣಿಯಲ್ಲಿ ಹಾಜರಿ ಕೂಗುವಾಗ ಕೈ ಎತ್ತದವನಿಗೆ ಅವತ್ತಿನ ಕೂಲಿ ಇರುತ್ತಿರಲಿಲ್ಲ. ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಯಾರದೋ ಮದುವೆಯ ಮೈಕಿನಲ್ಲಿ ತಮ್ಮ ಹೆಸರು ಕಿವಿಗೆ ಬಿದ್ದರೆ ಸಾಕು, ಅವರ ಕೈ ತಾನಾಗಿ ಮೇಲೇಳುತ್ತಿತ್ತು. ಲೈನಿನ ಮಕ್ಕಳಿಗೆ ಅದೇ ಒಂದು ಆಟ: ಹಿಂದಿನಿಂದ ಹೆಸರು ಕೂಗುವುದು, ಕೈ ಏಳುವುದನ್ನು ನೋಡಿ ನಗುತ್ತಾ ಓಡುವುದು. ಇಂದ್ರಾಣಿಯೂ ಆಡಿ ಬೆಳೆದ ಆಟ.

ಭಾನುವಾರ ಸಾರ್ ಬಂದರು. ಜೊತೆಗೆ ಟ್ರಸ್ಟಿಗೆ ಹಣ ಕೊಡುವ ದೊಡ್ಡವರು, ವಿಡಿಯೋ ತೆಗೆಯುವವನು. ಮುದುಕರು ಬಟ್ಟಲು ಮುಂದಿಟ್ಟುಕೊಂಡು ಅಂಡೆಯ ಕಡೆಗೇ ಕಣ್ಣಿಟ್ಟು ಕೂತಿದ್ದರು. ಇಂದ್ರಾಣಿ ಗಂಜಿಮನೆಯ ಮೆಟ್ಟಿಲ ಮೇಲೆ ನಿಂತು, ಮೈಕು ಹಿಡಿದು ಸ್ವಾಭಿಮಾನದ ಬಗ್ಗೆ ಮೆಲ್ಲನೆ ಮಾತಾಡಿದಳು.

"ಇವತ್ತಿನಿಂದ ನಮಗೆ ಈ ಗಂಜಿ ಬೇಡ, ನಮ್ಮ ಮಕ್ಕಳು ಬೆಳೆಯಲಿ ಅನ್ನೋರು..." ಎಂದು ಅದೇ ಮೆಲುದನಿಯಲ್ಲಿ ಹೇಳಿ ತಡೆದು, ಗಣಿಯ ಮೇಸ್ತ್ರಿಯ ಏರುದನಿಯಲ್ಲಿ ಕೂಗಿದಳು. "ಸೆಲ್ವರಾಜ್!"

ಅರೆಗಿವುಡ ಸೆಲ್ವರಾಜನ ಕೈ ಮೇಲೆದ್ದಿತು.

"ಸುಬ್ರಮಣಿ!"

ಎದ್ದಿತು.

"ಚಿಕ್ಕವೆಂಕಟಪ್ಪ!"

ಕೆಮ್ಮುತ್ತಲೇ ಎತ್ತಿದ. ಬಾಗಿದ ಬೆನ್ನುಗಳು ನೆಟ್ಟಗಾದವು. ಕೆಲಸ ಸಿಕ್ಕವರ ಕಳೆ ಮುಖಗಳ ಮೇಲೆ ಬಂತು. ಗಂಡನ ಹೆಸರಿಗೆ ಕೈ ಎತ್ತಿ ಪಿಂಚಣಿ ಪಡೆದು ರೂಢಿಯಾಗಿದ್ದ ಹೆಂಗಸರೂ ಎತ್ತಿದರು. ವಿಡಿಯೋದವನು ಒಂದು ಕೈಯನ್ನೂ ಬಿಡಲಿಲ್ಲ.

ಕದಿರಮ್ಮ ಮಾತ್ರ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. "ಅಯ್ಯೋ, ಅವ್ರು ಆಜ್ರಿ ಕೊಡ್ತಾವ್ರೆ ಕಣೇ! ಏನು ಕೇಳ್ತಾ ಇದೀಯ ಅಂತ ಬಾಯ್ಬಿಟ್ಟು ಯೋಳೇ ಪಾಪಿ!"

"ನಮ್ಮಜ್ಜಿ, ಸಾರ್. ಎಲ್ಲರ ಮುಂದೆ ಅಂದ್ರೆ ನಾಚ್ಕೆ," ಎಂದು ಇಂದ್ರಾಣಿ ಮೈಕಿನಲ್ಲಿ ನಕ್ಕಳು. ಕೆಳಗಿಳಿದು ಬಂದು ಸೆರಗು ಬಿಡಿಸಿ, ಮಗುವಿಗೆ ಟಾಟಾ ಕಲಿಸುವಂತೆ ಅಜ್ಜಿಯ ಮಣಿಕಟ್ಟನ್ನು ಹಿಡಿದು ಮೇಲೆತ್ತಿದಳು. ಆ ಕೈ ಖಾಲಿ ಬಟ್ಟಲಿಗಿಂತ ಹಗುರವಾಗಿತ್ತು. ದೊಡ್ಡವರು ಚಪ್ಪಾಳೆ ತಟ್ಟಿದರು.

ಮರುದಿನ ಮಧ್ಯಾಹ್ನ ಗಂಜಿಮನೆಗೆ ಬೀಗ ಬಿದ್ದಿತ್ತು. ಬಟ್ಟಲುಗಳು ಮಾತ್ರ ಎಂದಿನಂತೆ ಸಾಲಾಗಿದ್ದವು. ಕೇಂದ್ರದ ಕೆಲಸಕ್ಕೆಂದು ಚೀಲ ಹೆಗಲಿಗೇರಿಸಿ ಹೊರಟ ಇಂದ್ರಾಣಿಗೆ ಸೆಲ್ವರಾಜ್ ಅಡ್ಡ ನಿಂತ.

"ಏಮ್ಮಾ ಕಣ್ಣು, ನೆನ್ನೆ ಎಲ್ರಿಗಿಂತ ಮೊದ್ಲು ಎತ್ತಿದ್ದು ನಾನೇ ಅಲ್ವಾ? ನನ್ ಆಜ್ರಿ ಬಿಟ್ಟೋಯ್ತಾ?"

"ಇಲ್ಲ ತಾತ, ಬಿದ್ದಿದೆ."

"ಅಂಗಾದ್ರೆ ಗಂಜಿ ಎಲ್ಲಮ್ಮಾ?"

ಇಂದ್ರಾಣಿ ಅವನ ಭುಜ ಮುಟ್ಟಿದಳು. ಐದು ವರ್ಷ ಕಲಿತ ಮೆತ್ತನೆಯ ದನಿಯಲ್ಲಿ, "ನೀವೇ ಬೇಡ ಅಂದ್ರಲ್ಲ ತಾತ," ಅಂದಳು.

ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಬತ್ತೀನಜ್ಜಿ," ಎಂದಳು ಇಂದ್ರಾಣಿ.

ಮೆಟ್ಟಿಲ ಮೇಲಿದ್ದ ಕದಿರಮ್ಮ ಅವಳ ಕಡೆ ನೋಡಲಿಲ್ಲ. ಬೀಗಕ್ಕೆ ಹೇಳುವಂತೆ ಹೇಳಿದಳು. "ರಕ್ಕಸಿ ಕರುದ್ರೆ ಯಾರೂ ಕೆಳೀಕೆ ಇಳಿಯಲ್ಲ. ನಮ್ ಕೂಸೇ ಕರುದ್ರೆ ಇಳೀತಾರೆ. ಅದ್ಕೇ ಕಣಮ್ಮಿ ಅವ್ಳು ಅಷ್ಟು ಮುದ್ದಾಗಿ ಸಾಕೋದು."

ಇಂದ್ರಾಣಿ ಸ್ಟೇಷನ್ನಿನ ಕಡೆ ನಡೆದಳು. ತಿರುವಿನಲ್ಲಿ ಮಕ್ಕಳು ಯಾರೋ "ಸೆಲ್ವರಾಜ್!" ಎಂದು ಕೂಗಿ ಕಿಲಕಿಲ ನಗುತ್ತಾ ಓಡಿದರು. ಅವಳು ತಿರುಗಿ ನೋಡಲಿಲ್ಲ. ಕೈ ಎದ್ದಿರುತ್ತದೆ ಎಂದು ಗೊತ್ತಿತ್ತು.