ಉಳಿಕೆ ಎಣ್ಣೆ

ಯೋಗರಾಜನ ಅಂಗಡಿಯ ಗಾಜಿನ ಮೇಜಿನ ಮೇಲೆ ಎಂಜಿನ್ ಆಯಿಲ್‌ನ ಮೂರು ಡಬ್ಬಿಗಳು ನಿಂತಿದ್ದವು. ಹಮ್ಜಾ ಒಂದನ್ನು ಎತ್ತಿ ಬೆನ್ನಿನ ಚೀಟಿ ಓದುತ್ತಿದ್ದ, ಇಡುತ್ತಿದ್ದ, ಮತ್ತೊಂದನ್ನು ಎತ್ತುತ್ತಿದ್ದ. ಹಳೇ ಪಿ.ಬಿ. ರಸ್ತೆಯ ಮಧ್ಯಾಹ್ನದ ಧೂಳು ಅಂಗಡಿಯೊಳಗೆ ಬಂದು ಡಬ್ಬಿಗಳ ಮೇಲೆ ಕೂರುತ್ತಿತ್ತು.

“ಏನಪಾ ಹಮ್ಜಾ, ಎಣ್ಣೆ ತಗಳಾಕೆ ಬಂದೀಯೋ, ಹೆಣ್ಣು ನೋಡಾಕೆ ಬಂದೀಯೋ?” ಎಂದ ಯೋಗರಾಜ್. “ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡ್ತೀಯಲ್ಲ!”

“ನಮ್ಮ ಮನೆ ಗಾಡಿಗ್ರಿ.”

“ನಿಮ್ಮ ಮನೆ ಗಾಡಿಗಾ? ಅದಕ್ಕೆ ಡಬ್ಬಿ ಎಣ್ಣೆ ಯಾವಾಗಿಂದ? ರಹೀಮ್ ಸಾಬ್ರಿಗೆ ಗೊತ್ತೈತೋ ಇಲ್ವೋ? ಗೊತ್ತಾದ್ರೆ ಎದೆ ಹಿಡ್ಕಂಡು ಕುಂತಾರು.”

ಹಮ್ಜಾ ನಕ್ಕ. ಮಾತು ಸುಳ್ಳಲ್ಲ. ವಿನೋಬನಗರದ ಅವನ ಅಪ್ಪನ ಗ್ಯಾರೇಜಿನ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮು ಇದೆ. ಗಿರಾಕಿಗಳ ಗಾಡಿಗೆ ಸುರಿದು ಡಬ್ಬಿಯ ತಳದಲ್ಲಿ ಉಳಿದದ್ದೆಲ್ಲ ಆ ಡ್ರಮ್ಮಿಗೆ. ಲಾರಿಯ ಡಬ್ಬಿಯ ಉಳಿಕೆ, ಸ್ಕೂಟರಿನ ಡಬ್ಬಿಯ ಉಳಿಕೆ, ನೀರಿನಷ್ಟು ತೆಳ್ಳಗಿನದು, ಬೆಲ್ಲದ ಪಾಕದಷ್ಟು ದಪ್ಪನೆಯದು, ಎಲ್ಲ ಅಲ್ಲಿ ಕೂಡಿಕೊಂಡು ಕಂದು ಬಣ್ಣಕ್ಕೆ ತಿರುಗುತ್ತವೆ. ಮನೆಯ ಗಾಡಿ ಕುಡಿಯುವುದು ಅದನ್ನೇ. ಅಪ್ಪ ಅಬ್ದುಲ್ ರಹೀಮರು ಇದನ್ನು ಜುಗ್ಗತನವೆಂದು ಒಪ್ಪುವವರಲ್ಲ. “ಎಣ್ಣೆ ಎಣ್ಣೆನೇ ಬೇಟಾ. ಅದಕ್ಕೇನು ಜಾತಿ ಐತಾ, ಕುಲ ಐತಾ?” ಎನ್ನುತ್ತಿದ್ದರು. ಹಮ್ಜಾನೂ ಅದನ್ನು ಪ್ರಶ್ನಿಸಿರಲಿಲ್ಲ, ನಿನ್ನೆಯವರೆಗೆ.

ನಿನ್ನೆ ಕುಕ್ಕುವಾಡದವರ ವ್ಯಾನಿನ ಎಂಜಿನ್ ಬಿಚ್ಚಿದ್ದ. ಯಾರೋ ಯಾವುದೋ ಎಣ್ಣೆ ಹಾಕಿ ಓಡಿಸಿದ ಗಾಡಿ. ಒಳಗಿನ ಬೇರಿಂಗು ಸುಟ್ಟ ಹಪ್ಪಳದಂತೆ ಕೈಯಲ್ಲಿ ಪುಡಿಯಾಗಿ ಬಂತು. ಆ ಪುಡಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಾಗ ಅವನಿಗೆ ತನ್ನ ಮನೆಯ ಬಿಳಿ ಕಾರು ನೆನಪಾಯಿತು. ಅದನ್ನು ಓಡಿಸುವವಳು ಅವನ ಹೆಂಡತಿ ಸುಮೈರಾ. ದಿನಾ ಹರಿಹರದ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಕೆಲವು ತಿಂಗಳ ಹಿಂದೆಯೇ ಅವಳು ಹೇಳಿದ್ದಳು: ಗಾಡಿ ನಿಧಾನ ಮಾಡಿದಾಗಲೆಲ್ಲ ಮೀಟರಿನ ಹತ್ತಿರ ಎಣ್ಣೆಗಿಂಡಿಯ ಚಿತ್ರದ ಕೆಂಪು ದೀಪ ಮಿಣಮಿಣ ಅನ್ನುತ್ತದೆ ಎಂದು. ಹಮ್ಜಾ ಆಗ ಯಾರದೋ ಗಾಡಿಯ ಅಡಿಯಲ್ಲಿ ಮಲಗಿದ್ದ. ಅಲ್ಲಿಂದಲೇ ಕೂಗಿ ಹೇಳಿದ್ದ, “ಅದರ ಸೆನ್ಸರ್ ಹೋಗೈತೆ. ಸುಳ್ಳು ಹೇಳ್ತೈತೆ ಅದು. ನೀನು ಹೋಗ್ತಾ ಇರು.”

ಅದಕ್ಕೇ ಇವತ್ತು ಬೆಳಿಗ್ಗೆ ಹಳೆಯ ಉಳಿಕೆ ಎಣ್ಣೆಯನ್ನೆಲ್ಲ ಇಳಿಸಿ, ಇಲ್ಲಿ ಬಂದು ನಿಂತಿದ್ದ.

“ನೋಡು, ಕಂಪನಿ ಹೇಳಿದ್ದು ಈ ತೆಳ್ಳಂದು,” ಎಂದು ಯೋಗರಾಜ್ ಮೊದಲ ಡಬ್ಬಿ ತಟ್ಟಿದ. “ಆದ್ರೆ ನಮ್ಮೂರ ಬಿಸಿಲಿಗೆ, ಓಡಿ ಓಡಿ ಸವೆದ ಎಂಜಿನ್ನಿಗೆ, ದಪ್ಪಂದು ಹಾಕೋರೇ ಜಾಸ್ತಿ. ನಡುವಿಂದು ಐತೆ, ಅಂಜುಬುರುಕರಿಗೆ.”

ಫೋನು ಬಂತು. ಅಪ್ಪ.

“ಬೇಟಾ, ನಿಧಾನಕ್ಕೆ ಬಾ, ಅವಸರ ಇಲ್ಲ. ಸುಮೈರಾ ಹೊಂಟಾಯ್ತು.”

“ಯಾವುದ್ರಾಗೆ?”

“ಯಾವುದ್ರಾಗೆ ಅಂದ್ರೆ? ಕಾರ್‌ನಾಗೆ. ಹರಿಹರದಾಗೆ ನಿಶ್ಚಿತಾರ್ಥಕ್ಕೆ ಅವರ ಅಮ್ಮಿ ಕಾಯ್ತಾ ಕುಂತಾರಂತೆ. ಮಗು ನುಜತ್‌ನೂ ಕರ್ಕಂಡು ಹೋದ್ಲು. ನಾನೇ ಕೀ ಕೊಟ್ಟೆ.”

“ಅಬ್ಬಾ, ಅದಕ್ಕೆ ಎಣ್ಣೆ ಹಾಕಿಲ್ಲ.”

“ಹಾಕಿದ್ದು ಕಣ್ಣಾರೆ ನೋಡೀನಲ್ಲೋ! ಡಬ್ಬಿ ಎತ್ತಿ ಸುರಿದಿ, ಸ್ಟಾರ್ಟ್ ಮಾಡಿ ನೋಡಿದಿ, ಬಾನೆಟ್ ಮುಚ್ಚಿದಿ…”

“ಡಬ್ಬಿನಾಗೆ ಇದ್ದದ್ದು ಡೀಸೆಲ್ಲು, ಅಬ್ಬಾ.”

ರಹೀಮರು ಮೆಲ್ಲಗೆ, “ನಾನು ಬರೀ ಡಬ್ಬಿ ನೋಡಿದೆ,” ಎಂದರು.

ಊರಿನ ಎಲ್ಲ ಗ್ಯಾರೇಜುಗಳಲ್ಲೂ ಮಾಡುವ ಕೆಲಸವೇ. ಎಂಜಿನ್ನಿನ ಹೊಟ್ಟೆಯಲ್ಲಿ ಅಂಟಿದ ಕೊಳೆ ಬಿಡಲಿ ಎಂದು ಹೊಸ ಎಣ್ಣೆಗೆ ಮೊದಲು ಡೀಸೆಲ್ ಸುರಿದು, ಸ್ವಲ್ಪ ಹೊತ್ತು ಓಡಿಸಿ, ನೆನೆಯಲು ಬಿಡುತ್ತಾರೆ. ಬಳಿಕ ಅದನ್ನು ಇಳಿಸಿ ಎಣ್ಣೆ ಹಾಕಬೇಕು. ಧೂಳು ಬೀಳದಿರಲೆಂದು ಬಾನೆಟ್ ಮುಚ್ಚಿ, ಸರಿಯಾದ ಎಣ್ಣೆ ಆರಿಸಿ ತರುತ್ತೇನೆಂದು ಹಮ್ಜಾ ಬಂದಿದ್ದ. ಸರಿಯಾದದ್ದನ್ನು ಆರಿಸುತ್ತ ನಿಂತೇಬಿಟ್ಟಿದ್ದ. ಅಷ್ಟರಲ್ಲಿ ಹೆಂಡತಿ ಮಗಳು ಡೀಸೆಲ್ಲಿನ ಮೇಲೆ ರಸ್ತೆಗಿಳಿದಿದ್ದರು.

“ಯಾವುದು ಕೊಡ್ಲಿ?” ಎಂದ ಯೋಗರಾಜ್. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ತೆಳ್ಳಂದು. ಕಂಪನಿ ಹೇಳಿದ್ದು.”

ಅಂಗಡಿಗೆ ಬಂದಾಗಲೇ ಅವನಿಗೆ ಗೊತ್ತಿದ್ದ ಉತ್ತರ ಅದು.

ಡಬ್ಬಿಯನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟು ಹೊರಟ. ಒಂದು ಕೈಯಲ್ಲಿ ಫೋನು. ಸುಮೈರಾಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಅವಳು ಎತ್ತುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಾರು ಕಲಿಸುವಾಗ ಆ ನಿಯಮ ಮಾಡಿದವನು ಅವನೇ: ಗಾಡಿ ಹತ್ತಿದ ಮೇಲೆ ಫೋನು ಸೈಲೆಂಟು, ಬ್ಯಾಗು ಹಿಂದಿನ ಸೀಟಿಗೆ. ನುಜತ್‌ಳ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದ. ಸುಮೈರಾ ಆಣೆ ಮುರಿಯುವವಳಲ್ಲ. ಈಗ ಆ ಫೋನು ಹಿಂದಿನ ಸೀಟಿನಲ್ಲಿ, ಮಗುವಿನ ಪಕ್ಕದಲ್ಲಿ, ಸದ್ದಿಲ್ಲದೆ ಹೊಳೆದು ಆರುತ್ತಿರಬೇಕು. ನುಜತ್ ಅದನ್ನು ನೋಡುತ್ತಿದ್ದಾಳೋ ಏನೋ. ನಾಲ್ಕು ವರ್ಷದ ಮಗು, ಬೆಳಕು ಕಂಡರೆ ನಗುತ್ತದೆ, ಅಷ್ಟೇ.

ಅವಳು ಹಿಡಿದದ್ದು ಬೈಪಾಸೋ ಹಳೆಯ ರಸ್ತೆಯೋ? ಹೈವೇ ಬೇಡ, ಲಾರಿಗಳ ಕಾಟ ಎಂದು ಅದನ್ನೂ ಅವನೇ ಹೇಳಿದ್ದ. ಹಳೆಯ ರಸ್ತೆಯನ್ನೇ ಹಿಡಿದ.

ಬೇರೆಯವರ ಹೆದರಿಕೆಗೆ ಒಂದಿಷ್ಟು ಕತ್ತಲೆಯ ಆಸರೆ ಇರುತ್ತದೆ. ಏನಾಗುತ್ತದೋ ಗೊತ್ತಿಲ್ಲ ಎಂಬ ಕತ್ತಲೆ. ಹಮ್ಜಾನಿಗೆ ಅದೂ ಇರಲಿಲ್ಲ. ಅವನ ಹೆದರಿಕೆಯ ಮೇಲೆ ಮಟಮಟ ಮಧ್ಯಾಹ್ನದ ಬೆಳಕು ಬಿದ್ದಿತ್ತು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ ಇರಬೇಕಾದಲ್ಲಿ ಏನೂ ಇಲ್ಲ. ಡೀಸೆಲ್ಲು ಕಾದಷ್ಟೂ ಜಾರಿಹೋಗುತ್ತದೆ. ಮೊದಲು ಟಿಕಟಿಕ, ಆಮೇಲೆ ಸುತ್ತಿಗೆಯ ಹೊಡೆತ, ಆಮೇಲೆ ಒಮ್ಮೆಲೇ ಬಿಗಿತ. ಬಿಗಿದ ಎಂಜಿನ್ ಚಕ್ರಗಳನ್ನು ಹಿಡಿದುಕೊಳ್ಳುತ್ತದೆ. ಸ್ಟೇರಿಂಗು ಕಲ್ಲಾಗುತ್ತದೆ. ಬ್ರೇಕು ಒಂದೆರಡು ಸಲ ಮಾತು ಕೇಳಿ, ಆಮೇಲೆ ಕೇಳುವುದಿಲ್ಲ. ಹಿಂದಿನಿಂದ ಬರುವ ಲಾರಿಯವನಿಗೆ ಇದೊಂದೂ ತಿಳಿದಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಅವನನ್ನು ಹೆದರಿಸಿದ್ದು ಆ ದೀಪದ ನೆನಪು. ಇಂಥ ಹೊತ್ತಿಗೆಂದೇ ಕಾರು ಮಾಡಿದವರು ಅದನ್ನು ಇಟ್ಟಿದ್ದಾರೆ. ಅದು ಉರಿಯುತ್ತದೆ, ಖಂಡಿತ ಉರಿಯುತ್ತದೆ. ಅವಳು ನೋಡುತ್ತಾಳೆ. ನೋಡಿ, ನನ್ನ ಗಂಡ ಮೆಕ್ಯಾನಿಕ್ಕು, ಅವನೇ ಹೇಳಿದ್ದಾನೆ ಸುಳ್ಳು ಎಂದು, ಅಂದುಕೊಂಡು ಹೋಗುತ್ತಲೇ ಇರುತ್ತಾಳೆ.

“ಯಾ ಅಲ್ಲಾಹ್,” ಎಂದ ಹಮ್ಜಾ ಗಾಳಿಗೆ. “ನನ್ನ ಮಾತು ಅವಳಿಗೆ ನೆನಪಾಗದಿರ್ಲಿ.”

ದೊಡ್ಡಬಾತಿ ಹತ್ತಿರ ರಸ್ತೆಯ ಪಕ್ಕ ಜನ ಸೇರಿದ್ದರು. ಅವರ ಕಾಲುಗಳ ಸಂದಿನಲ್ಲಿ ಬಿಳಿ ಕಾರಿನ ಹಿಂಭಾಗ. ಡಾಂಬರಿನ ಮೇಲೆ ಕೆಂಪಗೆ ಏನೋ ಚೆಲ್ಲಿತ್ತು. ಸ್ಕೂಟರನ್ನು ಎಲ್ಲಿ ನಿಲ್ಲಿಸಿದನೋ, ಹೇಗೆ ಇಳಿದನೋ, ಜನರನ್ನು ಮೊಣಕೈಯಿಂದ ತಳ್ಳಿ ಒಳಗೆ ನುಗ್ಗಿದ. ಕಾರಿನ ಡಿಕ್ಕಿ ತೆರೆದಿತ್ತು. ಒಳಗೆ ಕಲ್ಲಂಗಡಿ. ಒಂದು ಕೆಳಗೆ ಬಿದ್ದು ಒಡೆದಿತ್ತು.

“ಸಾಲಿನಾಗೆ ಬರ್ರಿ ಅಣ್ಣಾ, ಎಲ್ರಿಗೂ ಸಿಗ್ತೈತೆ,” ಎಂದ ಮಾರುವವನು. “ಹಂಗ್ಯಾಕೆ ನುಗ್ತೀರಿ? ಒಂದು ಚೂರು ತಿನ್ರಿ, ತಂಪಾಗ್ತೈತೆ.”

ಹಮ್ಜಾ ಹಿಂದಿರುಗಿ ಸ್ಕೂಟರ್ ಹತ್ತಿದ.

ಅಲ್ಲಿಂದ ಮುಂದೆ ಅವನು ರಸ್ತೆಯನ್ನು ನೋಡಲಿಲ್ಲ, ರಸ್ತೆಯ ಅಂಚುಗಳನ್ನು ನೋಡಿದ. ಎಡಗಡೆಯ ಗುಂಡಿ, ಬಲಗಡೆಯ ಮರ, ಮೋರಿಯ ಕಟ್ಟೆ. ಪ್ರತಿ ಬಿಳಿ ಬಣ್ಣವೂ ಒಮ್ಮೆ ಅವನ ಕಾರಾಗಿ ಆಮೇಲೆ ಗೋಡೆಯಾಗುತ್ತಿತ್ತು, ಗೊಬ್ಬರದ ಚೀಲವಾಗುತ್ತಿತ್ತು. ಹರಿಹರದ ಮೊದಲ ಮನೆಗಳು ಕಾಣತೊಡಗಿದವು. ಇಷ್ಟು ದೂರ ಡೀಸೆಲ್ಲಿನ ಮೇಲೆ ಬಂದ ಎಂಜಿನ್ನನ್ನು ಅವನು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಹಾಗಾದರೆ ಬೈಪಾಸಿಗೆ ಹೋಗಿದ್ದಾಳೆ. ತಿರುಗಿಸಬೇಕು ಎಂದುಕೊಂಡ. ತಿರುಗಿಸಲು ಕೈ ಬರಲಿಲ್ಲ.

ರೋಡ್ ಹಂಪಿನ ಆಚೆ, ಹುಣಸೆ ಮರದ ನೆರಳಿನಲ್ಲಿ ಒಂದು ಚಹಾದಂಗಡಿ. ಅದರ ಪಕ್ಕದಲ್ಲಿ ಕಾರು ನಿಂತಿತ್ತು. ಬಾನೆಟ್ ಮುಚ್ಚಿತ್ತು. ಬೆಂಚಿನ ಮೇಲೆ ನುಜತ್ ಕೂತು ಕಾಲು ತೂಗಾಡಿಸುತ್ತ ಬನ್ನು ತಿನ್ನುತ್ತಿದ್ದಳು. ಸುಮೈರಾ ನಿಶ್ಚಿತಾರ್ಥದ ಹಸಿರು ಸೀರೆಯಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಾರಿನಿಂದ ದೂರ ನಿಂತಿದ್ದಳು. ನಾಯಿ ಕಚ್ಚೀತೆಂದು ದೂರ ನಿಲ್ಲುವ ಹಾಗೆ.

“ಅಬ್ಬೂ!” ಎಂದು ಕೂಗಿದಳು ನುಜತ್.

ಹಮ್ಜಾ ಸ್ಕೂಟರ್ ನಿಲ್ಲಿಸಿ ಓಡಿಬಂದ. ಬೆಂಚಿನ ಮೇಲೆ ಕೂತ. ಮಗುವಿನ ತಲೆ, ಭುಜ, ಮೊಣಕಾಲು ಮುಟ್ಟಿ ನೋಡಿದ. ಚಹಾದಂಗಡಿಯ ದುರುಗವ್ವ ಕೇಳದೆಯೇ ನೀರಿನ ಲೋಟ ಕೊಟ್ಟಳು. “ಕುಡಿಯಪ್ಪಾ. ಸತ್ತೋರ ಮುಖ ಹಂಗಾಗೈತೆ.”

“ಯಾವಾಗ ನಿಲ್ಲಿಸಿದಿ?” ಎಂದ ಹೆಂಡತಿಗೆ.

“ಈ ಹಂಪಿನ ಹತ್ರ. ದೀಪ ಹತ್ತಿತು.”

“ಅದು ದಿನಾ ಹತ್ತುತ್ತಿತ್ತಲ್ಲ.”

“ದಿನಾ ಮಿಣಮಿಣ ಅಂದು ಆರ್ತಿತ್ತು. ಇವತ್ತು ಆರಲಿಲ್ಲ. ನನ್ನನ್ನೇ ನೋಡ್ತಿತ್ತು.” ಸುಮೈರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಬಂದ್ ಮಾಡಿ ಇಳಿದೆ.”

“ನನಗೆ ಫೋನ್ ಮಾಡಬಾರದಿತ್ತಾ?”

“ಮಾಡಿದ್ರೆ ಏನಂತಿದ್ರಿ? ಸುಳ್ಳು ಹೇಳ್ತೈತೆ, ಹೋಗ್ತಾ ಇರು ಅಂತಿದ್ರಿ. ನೀವು ಅಂದ್ರೆ ನಾನು ಹೋಗ್ತಿದ್ದೆ. ಅದಕ್ಕೇ ಮಾಡಲಿಲ್ಲ.”

ಅವನು ನೀರು ಕುಡಿದ.

“ಈಗ ಹೇಳ್ರಿ,” ಎಂದಳು. “ಅದರೊಳಗೆ ಏನೈತೆ?”

ಹೇಳಿದ. ಡೀಸೆಲ್ಲು, ಡಬ್ಬಿ, ಅಬ್ಬಾ, ಯೋಗರಾಜನ ಅಂಗಡಿ. ಸುಮೈರಾ ಬೆಂಚಿನಿಂದ ಮಗಳನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. ಅಷ್ಟು ದೊಡ್ಡ ಮಗುವನ್ನು ಅವಳು ಈಚೆಗೆ ಎತ್ತಿಕೊಂಡದ್ದಿಲ್ಲ.

ದುರುಗವ್ವನಿಂದ ಒಂದು ಹಳೆಯ ಪ್ಲಾಸ್ಟಿಕ್ ಬೋಗುಣಿ ಕೇಳಿ ಪಡೆದು, ಸ್ಕೂಟರಿನಿಂದ ಸ್ಪ್ಯಾನರ್ ತೆಗೆದು, ಹಮ್ಜಾ ಕಾರಿನ ಅಡಿಗೆ ತೂರಿದ. ನಟ್ಟು ಸಡಿಲಾದೊಡನೆ ಬಿಸಿ ಡೀಸೆಲ್ಲು ಮಣಿಕಟ್ಟಿನ ಮೇಲೆ ಹರಿಯಿತು. ಸುಡಲಿ ಎಂದು ಬಿಟ್ಟ. ಕಪ್ಪು ದ್ರವವನ್ನು ಎರಡು ಬೆರಳುಗಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದ. ಬೇರಿಂಗು ಸವೆದಿದ್ದರೆ ಕಾಣಬೇಕಾದ ಲೋಹದ ಹೊಳಪು ಕಾಣಲಿಲ್ಲ. ಕಂಡಿತೇನೋ. ಬೆವರೂ ಹೊಳೆಯುತ್ತದೆ.

ನಟ್ಟು ಬಿಗಿದು ಹೊಸ ಎಣ್ಣೆ ಸುರಿದ, ಜೇನಿನ ಬಣ್ಣದ್ದು. ಅದು ಇಳಿದು ತಳ ಸೇರುವ ತನಕ ಕಾದು, ಸೀಟಿನಲ್ಲಿ ಕೂತು ಕೀ ಹಿಡಿದ. ತಿರುಗಿಸಲು ಹೆದರಿಕೆಯಾಯಿತು. ದಿನಕ್ಕೆ ಎಷ್ಟೋ ಸಲ ಮಾಡುವ ಕೆಲಸ, ಹೆಬ್ಬೆರಳು ಕೇಳಲೊಲ್ಲದು. ಕೊನೆಗೆ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಕೆಂಪು ದೀಪ ಒಂದು ಕ್ಷಣ ಉರಿದು ಆರಿತು.

ಅವನು ಬಂದ್ ಮಾಡಲಿಲ್ಲ. ಎಂಜಿನ್ ಕಾಯಲಿ ಎಂದು ಬಿಟ್ಟ. ಕಿಟಕಿಯ ಹೊರಗೆ ಸುಮೈರಾ ಬಗ್ಗಿ ನಿಂತಿದ್ದಳು. ಇಬ್ಬರೂ ಒಂದೇ ಜಾಗವನ್ನು ನೋಡುತ್ತಿದ್ದರು. ಮುಂದಿನ ಫ್ಯಾನು ತಿರುಗತೊಡಗಿತು, ಅಂದರೆ ಎಂಜಿನ್ ಚೆನ್ನಾಗಿ ಕಾದಿತ್ತು. ಇಷ್ಟು ದಿನ ದೀಪ ಮಿಣುಕುತ್ತಿದ್ದದ್ದು ಎಂಜಿನ್ ಕಾದು ನಿಧಾನಕ್ಕೆ ಓಡುವ ಇಂಥ ಹೊತ್ತಿನಲ್ಲೇ. ಈಗ ಅದು ಮಿಣುಕಲಿಲ್ಲ.

“ಹತ್ತಲಿಲ್ಲ,” ಎಂದಳು.

“ಹ್ಞೂಂ.”

“ಸೆನ್ಸರ್ ಹೋಗೈತೆ ಅಂದಿದ್ರಿ.”

ಸೆನ್ಸರಿಗೆ ಏನೂ ಆಗಿರಲಿಲ್ಲ. ದೀಪ ಇವತ್ತಷ್ಟೇ ಅಲ್ಲ, ಮೊದಲಿನಿಂದಲೂ ನಿಜ ಹೇಳಿತ್ತು. ಡ್ರಮ್ಮಿನ ಆ ಕಂದು ಎಣ್ಣೆ ಕಾದಾಗಲೆಲ್ಲ ಕೈಬಿಡುತ್ತಿತ್ತು. ಮುಗಿಯಿತೆಂದುಕೊಂಡಿದ್ದ ಹೆದರಿಕೆ ಈಗ ಹಿಂದಕ್ಕೆ ಹರಿಯತೊಡಗಿತು. ನಿನ್ನೆಯ ಬೆಳಗಿಗೆ, ಮೊನ್ನೆಯ ಬೆಳಗಿಗೆ, ಮಳೆಯಲ್ಲಿ ಅವಳು ತಡವಾಗಿ ಬಂದ ಸಂಜೆಗೆ, ಜ್ವರ ಬಂದ ನುಜತ್‌ಳನ್ನು ಒಬ್ಬಳೇ ಡಾಕ್ಟರ ಹತ್ತಿರ ಕರೆದೊಯ್ದ ದಿನಕ್ಕೆ. ಆ ಎಲ್ಲ ದಿನಗಳಲ್ಲೂ ಅವನು ಯಾರದೋ ಗಾಡಿಯ ಅಡಿಯಲ್ಲಿ ನೆಮ್ಮದಿಯಾಗಿ ಮಲಗಿದ್ದ.

“ಹತ್ತು, ಹೋಗೋಣ,” ಎಂದ. “ಈಗ ಏನೂ ಆಗಲ್ಲ. ಸರಿಯಾದ ಎಣ್ಣೆ ಹಾಕೀನಿ.”

ಸುಮೈರಾ ಅವನ ಮುಖ ನೋಡಿದಳು, ಆಮೇಲೆ ದೀಪವಿದ್ದ ಜಾಗ ನೋಡಿದಳು.

“ನೀವು ಗಾಡಿ ತಗಂಬರ್ರಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. “ನಾವು ಆಟೋದಾಗೆ ಹೋಗ್ತೀವಿ.”

ಅವಳು ಕೈ ಮಾಡಿದ ಆಟೋ ನಿಂತಿತು. ಮಗಳನ್ನು ಹತ್ತಿಸಿ ತಾನೂ ಹತ್ತಿದಳು. ದುರುಗವ್ವ ಸ್ಕೂಟರ್ ನೋಡಿಕೊಳ್ಳುತ್ತೇನೆಂದು ಕೈಯಲ್ಲೇ ಸನ್ನೆ ಮಾಡಿದಳು. ಹಮ್ಜಾ ಆಟೋದ ಹಿಂದೆ ಕಾರು ಬಿಟ್ಟ. ಆಟೋದ ಪಕ್ಕದಿಂದ ನುಜತ್‌ಳ ತಲೆ ಹೊರಗೆ ಬಂತು. ಅಪ್ಪನನ್ನು ಕಂಡು ಬನ್ನಿನ ಚೂರು ಹಿಡಿದ ಕೈ ಬೀಸಿದಳು. ಒಳಗಿನಿಂದ ಇನ್ನೊಂದು ಕೈ ಬಂದು ಅವಳನ್ನು ಎಳೆದುಕೊಂಡಿತು.

ಹರಿಹರದ ಬಜಾರು ಬಂತು. ಹಂಪುಗಳು ಬಂದವು. ಒಂದೊಂದು ಹಂಪಿನಲ್ಲೂ ಅವನು ಗಾಡಿ ನಿಧಾನ ಮಾಡಿ, ಉಸಿರು ಹಿಡಿದು, ಮೀಟರಿನ ಪಕ್ಕದ ಆ ಪುಟ್ಟ ಕಪ್ಪು ಚೌಕವನ್ನು ನೋಡಿದ. ಅದು ಉರಿಯಲಿಲ್ಲ. ಎಂಜಿನ್ನಿನ ಸದ್ದು ಸರಿಯಾಗಿಯೇ ಇತ್ತು. ಸದ್ದಿನ ತಳದಲ್ಲಿ, ಬಹಳ ತಳದಲ್ಲಿ, ಟಿಕ್ ಎಂದಿತೋ ಇಲ್ಲವೋ ಎಂದು ಅವನು ಎಲ್ಲ ಕಿಟಕಿಗಳ ಗಾಜು ಏರಿಸಿ, ಆ ಸೆಕೆಯಲ್ಲಿ, ಮೈಯೆಲ್ಲ ಕಿವಿಯಾಗಿ ಕೂತು ಆಟೋದ ಹಿಂದೆ ಹೋಗುತ್ತಿದ್ದ.