ಮಾಳಿಗೆಯ ಏಡಿಗಳು

ಉಗಾರ ಖುರ್ದದಲ್ಲಿ, ಸಕ್ಕರೆ ಫ್ಯಾಕ್ಟರಿಯ ಭೋಂಗಾ ಕೂಗಿದರೆ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ದಾದಾಸಾಹೇಬನ ಮನೆ. ಕಬ್ಬಿನ ಬಲದ ಮೇಲೆ ಎದ್ದ ಸ್ಲ್ಯಾಬಿನ ಮನೆ, ಆದರೆ ಮೇಲಿನ ಬಯಲು ಮಾಳಿಗೆಗೆ ಕುಂಬಿ ಇರಲಿಲ್ಲ. ಅಂಚಿಗೊಂದು ಮೋಟುಗೋಡೆ ಕಟ್ಟಿಸಲಾಗದಷ್ಟು ಬಡವರೇನಲ್ಲ ಅವರು. ಆ ಸೀಮೆಯಲ್ಲಿ ಕುಂಬಿ ಕಟ್ಟಿದರೆ ಮನೆ ಮುಗಿಯಿತು ಎಂದು ಅರ್ಥ. ಕುಂಬಿ ಕಟ್ಟದೆ, ಕಂಬದ ಸರಳುಗಳನ್ನು ಆಕಾಶದ ಕಡೆ ಹಾಗೇ ಚಾಚಿ ಬಿಟ್ಟರೆ, ಮೇಲೆ ಇನ್ನೊಂದು ಮನೆ ಏಳಲಿಕ್ಕಿದೆ ಎಂದು ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಸರಳಿಗೆ ತುಕ್ಕು ಹಿಡಿದರೂ ಮಾತಿಗೆ ಹಿಡಿಯುವುದಿಲ್ಲ ಎಂದು ಜನ ನಂಬುತ್ತಾರೆ. ನಂಬಲಿ ಬಿಡಿ, ಯಾರಪ್ಪನ ಗಂಟು ಹೋಗುತ್ತದೆ?

ಜಿನಮತಿಯನ್ನು ಆ ಮನೆಗೆ ಕೊಟ್ಟದ್ದು ಈ ಸರಳುಗಳನ್ನು ನೋಡಿಯೇ. ಎಂಬತ್ತೈದರಲ್ಲಿ ಅವಳ ಅಪ್ಪ ರಾಯಬಾಗದ ಕಡೆಯಿಂದ ಮನೆ ನೋಡಲು ಬಂದಿದ್ದ. ಚಹಾ ಕುಡಿದಾದ ಮೇಲೆ, “ನಮ್ಮ ಹುಡಗಿ ಎಲ್ಲಿ ಇರಬೇಕ್ರಿ?” ಎಂದು ಕೇಳಿದ. ವರ ಉತ್ತಮ ಬಾಯಿ ಸತ್ತವ, ಅವನು ನೆಲ ನೋಡಿದ. ಅವನ ಅಣ್ಣ ದಾದಾಸಾಹೇಬ ಬೀಗರನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ಸರಳುಗಳತ್ತ ಕೈ ಮಾಡಿದ.

“ಮ್ಯಾಲಿನ ಮನಿ ತಮ್ಮಂದ್ರಿ. ಬರೂ ಸುಗ್ಗಿ ಮುಗದ ಕೂಡ್ಲೆ ಗ್ವಾಡಿ ಏಳ್ತಾವು. ಬ್ಯಾರೆ ಬಾಗ್ಲಾ, ಬ್ಯಾರೆ ಒಲಿ.”

ಅಪ್ಪ ಒಂದು ಸರಳನ್ನು ಹಿಡಿದು ಜಗ್ಗಿ ನೋಡಿದ. ದಪ್ಪ ಇತ್ತು. ಮಗಳನ್ನು ಕೊಟ್ಟ.

ಗೋಡೆ ಏಳುವವರೆಗೆ ಎಂದು ಹೊಸ ಜೋಡಿಗೆ ಹಿತ್ತಲ ಬದಿಯ ಖೋಲಿ ಸಿಕ್ಕಿತು. ಒಂದು ಗೋಡೆಗೆ ಗೊಬ್ಬರದ ಚೀಲಗಳು, ಇನ್ನೊಂದಕ್ಕೆ ಸುಟ್ಟುಹೋದ ಪಂಪಿನ ಮೋಟಾರು, ನಡುವೆ ಹಾಸಿಗೆ. ಜಿನಮತಿಗೆ ಅದರ ಬಗ್ಗೆ ಅಂಥ ಸಂಕಟವೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಒಲೆ. “ಇವತ್ತ ಏನ ಮಾಡ್ಲಿ, ಅಕ್ಕಾ?” ಎಂದು ಯಾರನ್ನೂ ಕೇಳದೆ ಹೊತ್ತಿಸಬಹುದಾದ ತನ್ನದೇ ಒಲೆ. ದಾದಾಸಾಹೇಬನ ಹೆಂಡತಿ ತಾರಾಬಾಯಿ ಕೆಟ್ಟವಳೇನಲ್ಲ, ಆದರೆ ಅಡಿಗೆಮನೆ ಅವಳದು. ಒಂದು ಒರೆಯಲ್ಲಿ ಎರಡು ಕತ್ತಿ ಇರುವುದಿಲ್ಲ ಅನ್ನುವುದು ಸುಳ್ಳಲ್ಲ.

ಏಡಿಗಳು ಬಂದದ್ದು ಮದುವೆಯಾಗಿ ಎರಡನೆಯ ಬೇಸಿಗೆಗೆ. ಅತ್ತೆ ಲಕ್ಷ್ಮಿಬಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ, ಗಾಳಿಗೆಂದು ಮಾಳಿಗೆ ಹತ್ತುವುದು ಅವಳ ರೂಢಿ. ಒಂದು ಸಂಜೆ ಅಂಚನ್ನೇ ಮೆಟ್ಟಿಲೆಂದು ತಿಳಿದು ಒಂದು ಕಾಲು ಗಾಳಿಯಲ್ಲಿಟ್ಟಳು. ಅಲ್ಲೇ ಒಣಹಾಕಿದ ಶಾವಿಗೆಯ ಮೇಲೆ ಬಿದ್ದ ಫ್ಯಾಕ್ಟರಿ ಚಿಮಣಿಯ ಕರಿ ಬೂದಿ ಊದುತ್ತ ಕೂತಿದ್ದ ಜಿನಮತಿ ಓಡಿಹೋಗಿ ರಟ್ಟೆ ಹಿಡಿದಳು. ಮುದುಕಿ ಉಳಿಯಿತು, ಹಿಡಿದವಳ ಬಳೆ ಒಡೆದವು.

ಮರುದಿನ ಗವಂಡಿ ಜಕ್ಕಪ್ಪ ಬಂದು ಅಂಚು ಅಳೆದು, “ಕುಂಬಿ ಕಟ್ಟಿ ಒಗದ್ರ ಮುಗೀತ್ರಿ. ಇಟ್ಟಂಗಿ ತರಸ್ರಿ,” ಎಂದ. ಅಡಿಗೆಮನೆಯಲ್ಲಿದ್ದ ಜಿನಮತಿ ಕೈಕೆಲಸ ಬಿಟ್ಟು ಬಾಗಿಲಿಗೆ ಬಂದಳು. ಕುಂಬಿ ಬಂದರೆ ಮೇಲಿನ ಮನೆ ಹೋಯಿತು. ಕುಂಬಿ ಬೇಡವೆಂದರೆ ಅತ್ತೆಯ ಜೀವ ಬೇಡವೆಂದ ಹಾಗೆ. ಕಡೆಗೆ ಮಾತಾಡಿದವಳು ಅತ್ತೆಯೇ.

“ಕುಂಬಿ ಬ್ಯಾಡ. ತಮ್ಮಗ ಮನಿ ಕಟ್ಟಲಿಲ್ಲ, ಮುಗಿಸಿಬಿಟ್ರು ಅಂತಾರ ಮಂದಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಾದಾಸಾಹೇಬ ವೆಲ್ಡಿಂಗ್ ಮಾಡುವ ಹಾಲಸಿದ್ದನನ್ನು ಕರೆಸಿದ. ಹಾಲಸಿದ್ದ ಹಿಂದೆ ಫ್ಯಾಕ್ಟರಿಯ ಶೆಡ್ಡುಗಳ ಮೇಲೆ ಕೆಲಸ ಮಾಡಿದವನು. ದಪ್ಪ ಪಟ್ಟಿ ಬಗ್ಗಿಸಿ, ಬಾಯಿ ತೆರೆದುಕೊಂಡ ಕ್ಲ್ಯಾಂಪುಗಳನ್ನು ಮಾಡಿ ತಂದ. ಕೆಳದವಡೆ ಸ್ಲ್ಯಾಬಿನ ಅಂಚಿನ ಅಡಿಗೆ ಕೂರುತ್ತದೆ, ಮೇಲಿನಿಂದ ಬೋಲ್ಟು ತಿರುಗಿಸಿದರೆ ಒಂದು ತಗಡು ಇಳಿದು ಸ್ಲ್ಯಾಬನ್ನು ಕಚ್ಚುತ್ತದೆ. ಕಾಂಕ್ರೀಟು ಒಡೆಯಬಾರದೆಂದು ತಗಡಿನಡಿ ಟೈರಿನ ತುಂಡು. ಬೆನ್ನಿಗೆ ಪೈಪು ನಿಲ್ಲಿಸಲು ಒಂದು ಕೊಳವೆ. ಪೈಪಿನಿಂದ ಪೈಪಿಗೆ ಅಡ್ಡಪೈಪು ಕಟ್ಟಿದರೆ ಬೇಲಿ ಆಯಿತು, ಸ್ಲ್ಯಾಬಿಗೆ ಒಂದು ತೂತೂ ಬೀಳಲಿಲ್ಲ.

“ಇದು ಹಂಗಾಮಿ ನೋಡ್ರಿ,” ಎಂದ ಹಾಲಸಿದ್ದ. “ಮ್ಯಾಲ ಕೆಲಸ ನಡಿಯೂ ಮುಂದ ಮಂದಿ ಬೀಳಬಾರ್ದಂತ ಹಾಕೂದು. ವರ್ಷೊಪ್ಪತ್ತ ತಡೀತೈತಿ. ವಾರಕ್ಕೊಮ್ಮೆ ಬೋಲ್ಟ ಬಿಗಿ ಮಾಡ್ರಿ, ಇಲ್ಲಂದ್ರ ಬೇಲಿ ಅಂತ ಆತುಕೊಂಡಾಂವ ಬೇಲಿ ಕೂಡನ ಕೆಳಗ ಬರ್ತಾನ.”

ಮನೆಯ ಮಕ್ಕಳು ಆ ಕ್ಲ್ಯಾಂಪುಗಳಿಗೆ ಏಡಿ ಎಂದು ಹೆಸರಿಟ್ಟರು. ಕೃಷ್ಣೆಯ ದಂಡೆಯ ಮಕ್ಕಳು, ಇನ್ನೇನು ಹೆಸರು ಇಟ್ಟಾರು?

ವಾರಕ್ಕೊಮ್ಮೆ ಬಿಗಿ ಮಾಡುವುದು ಯಾರು ಎಂಬ ಮಾತು ಬರುವ ಮೊದಲೇ ಜಿನಮತಿ ಪಾನಾ ಕೈಗೆ ತೆಗೆದುಕೊಂಡಳು. ಮಂಡಿಯೂರಿ ಒಂದೊಂದೇ ಬೋಲ್ಟು ತಿರುಗಿಸುತ್ತ ಮಾಳಿಗೆ ಸುತ್ತಿ ಬರುವಾಗ ಅವಳು ತನ್ನ ಮನೆಯೊಳಗೆ ತಿರುಗಾಡುತ್ತಿದ್ದಳು. ಒಲೆ ಮೂಡಣಕ್ಕೆ, ಕಿಟಕಿ ರಸ್ತೆಯ ಕಡೆಗೆ, ಬಚ್ಚಲು ಆ ಮೂಲೆಗೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ಆದರೆ ಕುಲಾವಿ ಹೊಲಿಯುವಾಗಿನ ಸುಖ ಹೊಲಿದವರಿಗೇ ಗೊತ್ತು. ಅವಳು ಆ ಮಾಳಿಗೆಯ ಮೇಲೆ ಸುಖವಾಗಿದ್ದಳು.

ಸುಗ್ಗಿಗಳು ಬಂದವು, ಹೋದವು. ಒಂದು ವರ್ಷ ಕಬ್ಬಿಗೆ ದರ ಬರಲಿಲ್ಲ. ಒಂದು ವರ್ಷ ಬಾವಿ ಕುಸಿಯಿತು. ಇನ್ನೊಂದು ವರ್ಷ ಟ್ರ್ಯಾಕ್ಟರು ಬಂತು. ಕಾರಣಗಳಿಗೇನು ಬರಗಾಲವೇ? ಜಿನಮತಿಗೆ ಮಗಳು ಹುಟ್ಟಿ ಸಾಲಿಗೆ ಹೋಗತೊಡಗಿದಳು. ಟೈರಿನ ತುಂಡು ಸವೆದಾಗ ಜಿನಮತಿ ಹರಿದ ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದು ಇಟ್ಟಳು. ಮಳೆಗಾಲಕ್ಕೆ ಮುಂಚೆ ಕೆಂಪು ಬಣ್ಣ ಬಳಿದಳು. ಬೇಲಿಯ ಮೇಲೆ ಸೀರೆ ಒಣಗಿದವು, ಕೌದಿ ಒಣಗಿದವು, ಕಲ್ಲಂಗಡಿ ತಿನ್ನುವವರು ಅದಕ್ಕೇ ಬೆನ್ನು ಕೊಟ್ಟು ಕೂತರು. ಹಂಗಾಮಿ ಎಂಬ ಮಾತು ಎಲ್ಲರಿಗೂ ಮರೆತೇ ಹೋಯಿತು, ಅವಳೊಬ್ಬಳಿಗೆ ಬಿಟ್ಟು. ಒಮ್ಮೆ ಉತ್ತಮನನ್ನು ಕೇಳಿದಳು. “ಅಣ್ಣ ಅಂದಾನಲ್ಲ, ಕಟ್ಟತಾನ,” ಎಂದ ಅವನು. ಆಮೇಲೆ ಕೇಳಲಿಲ್ಲ.

ತೊಂಬತ್ತಾರರಲ್ಲಿ ದಾದಾಸಾಹೇಬನ ಹಿರಿಮಗ ಸುಕುಮಾರನಿಗೆ ಹೆಣ್ಣು ಗೊತ್ತು ಮಾಡುವ ಮಾತು ನಡೆಯಿತು. ಹುಡುಗಿಯ ಅಪ್ಪ, ಅದೇ ಸೀಮೆಯ ಅನಂತಪುರದ ಭೀಮಗೊಂಡ, ಅವನ ಹೆಂಡತಿ ಸುಂದರಾ ಮನೆ ನೋಡಲು ಬಂದರು. ಗಂಡಸರು ಮಾಳಿಗೆಗೆ ಹೋಗಿದ್ದಾರೆ, ಚಹಾ ಒಯ್ಯಿ ಎಂದು ತಾರಾಬಾಯಿ ಜಿನಮತಿಯ ಕೈಗೆ ತಟ್ಟೆ ಕೊಟ್ಟಳು. ಮೆಟ್ಟಿಲ ಕೊನೆಗೆ ಬಂದಾಗ ಭೀಮಗೊಂಡ ಕೇಳುತ್ತಿದ್ದ, “ಹುಡಗಿ ಎಲ್ಲಿರಬೇಕ್ರಿ?”

ದಾದಾಸಾಹೇಬ ಸರಳುಗಳತ್ತ ಕೈ ಮಾಡಿದ.

“ಮ್ಯಾಲಿನ ಮನಿ ನಮ್ಮ ಸುಕುಮಾರಂದ್ರಿ. ಬರೂ ಸುಗ್ಗಿ ಮುಗದ ಕೂಡ್ಲೆ ಗ್ವಾಡಿ ಏಳ್ತಾವು. ಬ್ಯಾರೆ ಬಾಗ್ಲಾ, ಬ್ಯಾರೆ ಒಲಿ.”

ಅವನು ಸುಳ್ಳುಗಾರನಲ್ಲ, ಅದೇ ಕಷ್ಟ. ಹೇಳುವಾಗ ಅವನ ಕಣ್ಣಿಗೆ ಗೋಡೆಗಳು ನಿಜವಾಗಿಯೂ ಕಾಣುತ್ತಿದ್ದವು. ಮೊದಲು ಯಾರಿಗೆ ಹೇಳಿದ್ದೆ ಎಂಬುದಷ್ಟೇ ಮರೆತಿತ್ತು. ಪಕ್ಕದಲ್ಲಿ ನಿಂತಿದ್ದ ಉತ್ತಮ ನೆಲ ನೋಡಿದ. ಭೀಮಗೊಂಡ ಬೇಲಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿ, “ಗಟ್ಟಿ ಐತ್ರಿ,” ಎಂದ. ಗಟ್ಟಿ ಇರದೆ ಏನು? ಹತ್ತು ವರ್ಷ ಅದನ್ನು ಬಿಗಿ ಮಾಡಿದವಳು ಚಹಾದ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಒಂದು ಕಪ್ಪೂ ತುಳುಕಲಿಲ್ಲ. ತಟ್ಟೆ ಕೊಟ್ಟು ಕೆಳಗಿಳಿದಳು.

ಹಿತ್ತಲಲ್ಲಿ ಸುಂದರಾ ಕೈ ತೊಳೆಯಲು ಬಂದಿದ್ದಳು. ಜಿನಮತಿ ತಂಬಿಗೆಯಿಂದ ನೀರು ಹಾಕಿದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸುಂದರಾ ದನಿ ತಗ್ಗಿಸಿದಳು.

“ತಂಗಿ, ಹೆಣ್ಣ ಹೆತ್ತಾಕಿ ಕೇಳಾಕತ್ತೀನಿ. ಮ್ಯಾಲ ಖರೇನ ಕಟ್ಟತಾರ?”

ಕಟ್ಟುತ್ತಾರೆ ಅಂದರೆ ಮುಗಿಯಿತು. ಮದುವೆ ಆಗುತ್ತದೆ, ಮನೆಯ ಮಾನ ಉಳಿಯುತ್ತದೆ, ಇನ್ನೊಬ್ಬ ಹುಡುಗಿ ಬಂದು ಸುಗ್ಗಿ ಎಣಿಸುತ್ತ ಕೂರುತ್ತಾಳೆ. ಇಲ್ಲ ಅಂದರೆ ಸಂಬಂಧ ಮುರಿದವಳು ಎಂಬ ಹೆಸರು ಸಾಯುವ ತನಕ. ಅದರ ಜೊತೆಗೆ ತನ್ನ ಆಸೆಯನ್ನೂ ತನ್ನ ಬಾಯಿಂದಲೇ ಕೊಂದ ಹಾಗೆ. ಜಿನಮತಿ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು.

“ಕೊಡೂದಾದ್ರ ಹುಡಗನ್ನ ನೋಡಿ ಕೊಡ್ರಿ, ಅಕ್ಕಾರ. ಹುಡಗ ಛಲೋ ಅದಾನ. ಸರಳ ನೋಡಿ ಕೊಡಬ್ಯಾಡ್ರಿ. ನಮ್ಮಪ್ಪ ಸರಳ ನೋಡಿ ಕೊಟ್ಟಿದ್ದ.”

ಸುಂದರಾ ಅವಳನ್ನು ನೋಡಿದಳು. ಅವಳ ಬೆನ್ನ ಹಿಂದೆ ಅರೆತೆರೆದ ಖೋಲಿ, ಗೊಬ್ಬರದ ಚೀಲಗಳ ಮಗ್ಗುಲಿಗೆ ಮಡಚಿಟ್ಟ ಹಾಸಿಗೆ.

ವಾರ ಕಳೆಯುವುದರೊಳಗೆ ಅನಂತಪುರದಿಂದ ಹೇಳಿಕಳಿಸಿದರು: ಮೊದಲು ಗೋಡೆ ಏಳಲಿ, ಆಮೇಲೆ ಮುಹೂರ್ತ ತೆಗೆಸೋಣ. ದಾದಾಸಾಹೇಬ ಪಡಸಾಲೆಯಲ್ಲಿ ನಿಂತು ಮನೆ ಹಾರಿಹೋಗುವ ಹಾಗೆ ಕೂಗಾಡಿದ. “ಯಾರ ಕಿವಿ ಊದಿದ್ರು ಅವರಿಗೆ?”

ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಹೇಳುವುದೇನಿದ್ದರೂ ಅತ್ತೆಗೆ ಹೇಳಬೇಕು, ಅತ್ತೆ ಮಗನಿಗೆ ದಾಟಿಸಬೇಕು, ಮೂವರೂ ಒಂದೇ ಕಡೆ ಇದ್ದರೂ ಅಷ್ಟೇ. ಜಿನಮತಿ ಬಾಗಿಲ ಮರೆಗೆ ಬಂದು ನಿಂತಳು.

“ಅತ್ತಿ, ನಾನ ಹೇಳೇನಿ ಅಂತ ಹೇಳ್ರಿ.”

ತಾರಾಬಾಯಿ ಹಣೆ ಬಡಿದುಕೊಂಡಳು. “ಮಾತ ಮನಿ ಕೆಡಸ್ತು, ತೂತ ಒಲಿ ಕೆಡಸ್ತು ಅಂತಾರ, ಸುಳ್ಳಲ್ಲ.”

“ಮಾತ ಮನಿ ಕೆಡಿಸೇತಿ ಖರೆ, ಆದ್ರ ನನ್ನ ಮಾತಲ್ಲ,” ಎಂದಳು ಜಿನಮತಿ. “ಅತ್ತಿ, ಮ್ಯಾಲಿನ ಮನಿ ನಂಗ ಬ್ಯಾಡ. ಯಾರಿಗೂ ತೋರಸೂದೂ ಬ್ಯಾಡ. ಕುಂಬಿ ಕಟ್ಟಸಂತ ಹೇಳ್ರಿ. ಇಷ್ಟ ಐತಿ ಅಂದ್ರ ಇಷ್ಟ ಅಂತ ಹೇಳೂ ಮನಿ ಆಗಲಿ. ನಂಗ ಆ ಖೋಲ್ಯಾಗ ಒಂದ ಒಲಿ ಹೂಡಾಕ ಬಿಡ್ರಿ, ಸಾಕು.”

ಲಕ್ಷ್ಮಿಬಾಯಿ ಪೊರೆ ಕವಿದ ಕಣ್ಣನ್ನು ಮಗನಿದ್ದ ದಿಕ್ಕಿಗೆ ತಿರುಗಿಸಿದಳು.

“ಕೇಳ್ತೇನೋ, ದಾದಾ, ಇಲ್ಲಾ ನಾ ಹೇಳಬೇಕೋ?”

ದಾದಾಸಾಹೇಬ ಹೊಸ್ತಿಲ ಮೇಲೆ ಕೂತುಬಿಟ್ಟ. “ಕೇಳ್ತು, ಅವ್ವಾ,” ಎಂದ. ಉತ್ತಮ ಈ ಸಲ ನೆಲ ನೋಡಲಿಲ್ಲ, ಹೆಂಡತಿ ನಿಂತ ಬಾಗಿಲನ್ನೇ ನೋಡುತ್ತಿದ್ದ.

ಮುಂದಿನ ಸೋಮವಾರ ಜಕ್ಕಪ್ಪ ಇಟ್ಟಂಗಿ ಇಳಿಸಿದ. ಏಡಿಗಳನ್ನು ಬಿಚ್ಚಲು ಜಿನಮತಿ ಯಾರನ್ನೂ ಕರೆಯಲಿಲ್ಲ. ಬೋಲ್ಟುಗಳಿಗೆ ಮುನ್ನಾದಿನವೇ ಸೀಮೆಎಣ್ಣೆ ಬಿಟ್ಟಿದ್ದಳು, ಒಂದೊಂದಾಗಿ ಸಡಿಲಿಸಿ, ಜಕ್ಕಪ್ಪ ಗೋಡೆ ಏರಿಸಿದಂತೆಲ್ಲ ಹಿಂದೆ ಸರಿಯುತ್ತ ಹೋದಳು. ಅವು ಕಚ್ಚಿದ್ದ ಜಾಗದಲ್ಲಿ ಸ್ಲ್ಯಾಬು ಚೊಕ್ಕಟವಾಗಿತ್ತು. ಇಷ್ಟೆಲ್ಲ ಆಗುವವರೆಗೆ ಅವಳು ಗಟ್ಟಿಯಾಗಿಯೇ ಇದ್ದಳು. ಹಾಲಸಿದ್ದ ಗರಗಸ ತಂದು ಕಂಬದ ಸರಳುಗಳನ್ನು ಕೊಯ್ಯತೊಡಗಿದಾಗ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಾರಾಬಾಯಿ ಬಂದು ಪಕ್ಕದಲ್ಲಿ ಕೂತಳು. “ನನಗೂ ಕಟ್ಟತಾರಂತನ ಅನಸಿತ್ತು ನೋಡ,” ಎಂದಳು. ಅದು ಸಮಾಧಾನದ ಮಾತಲ್ಲ, ನಿಜವಾದ ಮಾತು.

ಅನಂತಪುರದವರು ಹೆಣ್ಣು ಕೊಟ್ಟರು. ಖರೆ ಹೇಳುವವಳು ಒಬ್ಬಳಾದರೂ ಇರುವ ಮನೆ ಎಂದು ಸುಂದರಾ ಗಂಡನಿಗೆ ಹೇಳಿದಳಂತೆ. ದಾದಾಸಾಹೇಬ ತನ್ನ ಖೋಲಿಯನ್ನು ಮಗನಿಗೆ ಬಿಟ್ಟುಕೊಟ್ಟು ಪಡಸಾಲೆಗೆ ಬಂದ.

ಹಿತ್ತಲ ಖೋಲಿಯಿಂದ ಗೊಬ್ಬರದ ಚೀಲಗಳೂ ಮೋಟಾರೂ ದನದ ಕೊಟ್ಟಿಗೆಗೆ ಹೋದವು. ಆ ಜಾಗದಲ್ಲಿ ಜಿನಮತಿ ಒಲೆ ಹೂಡಿದಳು. ಮೊದಲ ದಿನ ಇಳಿಹೊತ್ತಿಗೆ ಹೆಸರುಕಾಳು ಬೇಯಿಸಿ, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ಕೈ ತನ್ನ ಪಾಡಿಗೆ ತಾನು ನಡೆಯಿತು. ಹಿಟ್ಟು ಮುಗಿದ ಮೇಲೆ ತಲೆ ಎತ್ತಿ ನೋಡಿದರೆ ಬುಟ್ಟಿ ತುಂಬಿ ರೊಟ್ಟಿ. ಮೂವರು ತಿನ್ನುವ ಮನೆಗೆ ಇಡೀ ಮನೆತನದ ರೊಟ್ಟಿ ಬಡಿದಿದ್ದಳು. ಮಗಳು ಕಿಸಕ್ಕನೆ ನಕ್ಕಳು. ಉತ್ತಮನಿಗೂ ನಗು ಬಂತು.

“ಹೊತ್ತ ಮುಳಗಾಕ ಬಂತು, ತಂಗಳ ಇಡೂ ಹಂಗಿಲ್ಲ,” ಎಂದ ಅವನು. “ತಾರಾ ವೈನಿಗೆ ಕೊಟ್ಟ ಬರ್ತೀನಿ, ಕೊಡು.”

ಜಿನಮತಿ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಕೊಟ್ಟ ಬರೂದಲ್ರಿ. ಎಲ್ಲಾರ್ನೂ ಕರದ ಬರ್ರಿ. ಜಿನಮತಿ ಮನಿಗೆ ಊಟಕ್ಕ ಬರಬೇಕಂತ ಹೇಳ್ರಿ.”

ಹಿತ್ತಲಿಂದ ಪಡಸಾಲೆಗೆ ಹೋಗಲು ಯಾರೂ ಅಂಗಿ ತೊಡುವುದಿಲ್ಲ. ಉತ್ತಮ ಗೂಟದ ಮೇಲಿನ ಅಂಗಿ ತೆಗೆದು ತೊಟ್ಟು, ಕೊರಳವರೆಗೆ ಗುಂಡಿ ಹಾಕಿಕೊಂಡು, ಅಣ್ಣನ ಮನೆಗೆ ಕರೆಯಲು ಹೋದ.