ಮೆಚೊ ಓಡುವ ವಯಸ್ಸು

“ಇದನ್ನ ಯಾವಾಗಿಂದ ಓಡಿಸ್ಬೋದು?”

ಉತ್ತರ ಗೊತ್ತಿದ್ದೂ ನೆವೆನಾ ಕೇಳಿದಳು. ಅಡುಗೆಮನೆಯಲ್ಲಿ ಒಲೆಯ ಮೇಲೆ ಗೋಧಿ ಕುದಿಯುತ್ತಿತ್ತು, ಬಾಗಿಲ ಬಳಿ ನಾಯಿ ಮೆಚೊ ಮಲಗಿತ್ತು, ಬೇರೆ ಯಾರೂ ಇರಲಿಲ್ಲ. ಇಂಥದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದವನು ಗಂಡ ಲ್ಯುಬೆನ್. ಅವನು ಏಪ್ರಿಲ್‌ನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ನಾಳೆ ಅವನ ಆರು ತಿಂಗಳ ಪ್ರಾರ್ಥನೆ, ಸತ್ತವರ ಹೆಸರಲ್ಲಿ ಹಂಚುವ ಗೋಧಿ ಅದಕ್ಕೇ.

ಅವಳು ಅತ್ತಿರಲಿಲ್ಲ. ಕಲ್ಲಾದಳು ಎಂದರು ಊರವರು. ಕಲ್ಲಿಗಾದರೂ ಬಿಸಿಲು ತಾಗುತ್ತದೆ, ಇರುಳಿಗೆ ತಣ್ಣಗಾಗುತ್ತದೆ. ಅವಳಿಗೆ ಅದೂ ಇರಲಿಲ್ಲ. ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಳು, ಮನೆಗೆ ಬರುತ್ತಿದ್ದಳು. ಅಷ್ಟೇ.

ಮೆಚೊ ಬೆಟ್ಟದ ಕುರಿಗಾಹಿ ಕೊಟ್ಟ ಮರಿ. ಲ್ಯುಬೆನ್ ಸಾಯುವ ಕೆಲವೇ ದಿನ ಮುಂಚೆ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ. ಈಗ ಅದು ಅವಳ ಸೊಂಟಕ್ಕೆ ಬಂದಿತ್ತು. ನೋಡಿದವರೆಲ್ಲ ಬೆಳೆದ ನಾಯಿ ಎಂದೇ ತಿಳಿಯುತ್ತಿದ್ದರು. ಅವಳೂ ಹಾಗೇ ತಿಳಿದು ಹೋದ ವಾರ ಡಾಂಬರು ರಸ್ತೆಯಲ್ಲಿ ಹೊಳೆಯವರೆಗೂ ಅದರ ಜೊತೆ ಓಡಿದ್ದಳು. ಮರುದಿನ ಅದು ಮುಂಗಾಲು ಊರಲಿಲ್ಲ.

ದನದ ಡಾಕ್ಟರ ಬಳಿ ಕರೆದೊಯ್ದಿದ್ದಳು. ಅವರು ಮಣಿಕಟ್ಟು ಒತ್ತಿದರು. ನಾಯಿ ಕುಯ್ಯೆಂದಿತು.

“ನೋಡೋಕೆ ಕರಡಿ, ಒಳಗೆ ಹಸುಗೂಸು ಕಣಮ್ಮ. ದೊಡ್ಡ ಜಾತಿ ನಾಯಿ, ಮೂಳೆ ತುದಿ ಇನ್ನೂ ಎಳಸು. ಒಂದೂವರೆ ವರ್ಷ ಆಗ್ಲಿ, ಎಕ್ಸ್‌ರೇ ತೆಗೆದು ನೋಡೋಣ, ಆಮೇಲೆ ನಿಧಾನಕ್ಕೆ ಓಡ್ಸು. ಅಲ್ಲೀವರೆಗೂ ಹುಲ್ಲಲ್ಲಿ ತಾನಾಗೇ ಆಡ್ಕೊಳ್ಲಿ. ಈಗ್ಲೇ ಓಡ್ಸಿದ್ರೆ ಕಾಲು ಸೊಟ್ಟ, ಜನ್ಮಪೂರ್ತಿ.”

ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕುಂಟುತ್ತಿದ್ದ ನಾಯಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತ ಮನೆಗೆ ಬಂದಿದ್ದಳು.

ಪಕ್ಕದ ಮನೆಯ ರಾಡ್ಕಾ ಅಜ್ಜಿ ಕದ ತಳ್ಳಿಕೊಂಡು ಒಳಗೆ ಬಂದಳು. “ಏನೇ ನೆವೆನಾ, ನಾಳೆ ನಿನ್ನ ನಾಯಿ ಓಡುತ್ತಂತೆ! ಬೇಕರಿ ಮುಂದಿನ ಕಂಬದಲ್ಲಿ ಓದ್ದೆ.”

ಆ ಊರಲ್ಲಿ ಸತ್ತವರ ಮುಖ ಕಂಬಗಳ ಮೇಲೆ, ಬಾಗಿಲುಗಳ ಮೇಲೆ ಅಂಟಿಸಿದ ಹಾಳೆಗಳಲ್ಲಿ ಇರುತ್ತದೆ. ನಲವತ್ತನೆಯ ದಿನಕ್ಕೊಂದು ಹಾಳೆ, ಅರ್ಧ ವರ್ಷಕ್ಕೊಂದು. ಈ ಸಲದ್ದನ್ನು ಮೈದುನ ಝಿವ್ಕೊ ಅಚ್ಚು ಹಾಕಿಸಿದ್ದ. ಲ್ಯುಬೆನ್‌ನ ಫೋಟೋದ ಕೆಳಗೆ, ಯಾರನ್ನೂ ಕೇಳದೆ ಬರೆಸಿದ್ದ: ಅವನು ವರ್ಷವೂ ಓಡುತ್ತಿದ್ದ ಬೆಟ್ಟದ ಓಟದಲ್ಲಿ ಈ ಸಲ ಅವನ ಬದಲು ಅವನ ಮೆಚೊ ಓಡುತ್ತದೆ.

“ಸತ್ತೋರ ಹಾಳೇಲಿ ನಾಯಿ ಹೆಸರು! ನನ್ನ ಗಂಡನ ಹಾಳೇಲಿ ನನ್ನ ಹೆಸರನ್ನೇ ತಪ್ಪು ಹಾಕಿದ್ರು, ನಾಯೀದಾದ್ರೆ ಸರಿಯಾಗಿ ಹಾಕಿದಾರೆ ನೋಡು,” ಎಂದು ಅಜ್ಜಿ ನಕ್ಕಳು.

ಅಷ್ಟರಲ್ಲಿ ಝಿವ್ಕೊನೇ ಬಂದ. ಕೈಯಲ್ಲಿ ಅಣ್ಣನ ಸೊಂಟದ ಪಟ್ಟಿ. ಲ್ಯುಬೆನ್ ಓಡುವಾಗ ತನ್ನ ಹಳೆಯ ನಾಯಿಯನ್ನು ಅದಕ್ಕೇ ಕಟ್ಟುತ್ತಿದ್ದ.

“ಅತ್ತಿಗೆ, ಬೆಳಿಗ್ಗೆ ಬೇಗ ಕರ್ಕೊಂಡು ಹೋಗ್ತೀನಿ.”

“ಅದರ ಕಾಲು ಸರಿಯಿಲ್ಲ. ಮೂಳೆ ಬಲಿಯೋವರೆಗೂ ಓಡಿಸ್ಬಾರ್ದಂತೆ.”

“ಇಷ್ಟು ದೊಡ್ಡದಿದೆ, ಇದಕ್ಕೇನು ಬಲಿಯೋದು? ಒಂದೇ ದಿನ ಅತ್ತಿಗೆ.”

“ಬೆಟ್ಟ ಪೂರ್ತಿ ಕಲ್ಲು, ಝಿವ್ಕೊ.”

“ಊರೆಲ್ಲ ಅಂಟ್ಸಿದೀನಿ! ಈಗ ಕೀಳೋಕಾಗುತ್ತಾ? ಸತ್ತೋರ ಮುಖಾನ ಮಳೆಗಾಳಿ ಕೀಳ್ಬೇಕೇ ಹೊರತು ಮನುಷ್ಯರು ಕೀಳ್ಬಾರ್ದು.”

“ಕೀಳೋದು ಬೇಡ. ಇರ್ಲಿ.”

“ಇದ್ರೆ? ಅಣ್ಣನ ಹಾಳೇಲೇ ಸುಳ್ಳು ಅಂತಾರಲ್ಲ ಜನ!”

“ಅಂದ್ಕೊಳ್ಲಿ.”

ರಾಡ್ಕಾ ಅಜ್ಜಿ ನಗು ನಿಲ್ಲಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಝಿವ್ಕೊ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟ.

“ಅಣ್ಣ ಹೋದ್ಮೇಲೆ ನೀನು ಒಂದ್ಸಲ ಅತ್ತಿದ್ದು ನಾನು ಕಾಣೆ. ಒಂದ್ಸಲ! ಇದೊಂದಾದ್ರೂ ಮಾಡು ಅತ್ತಿಗೆ, ಅವನಿಗೋಸ್ಕರ. ಕೈ ಮುಗೀತೀನಿ.”

ನೆವೆನಾ ತನ್ನೊಳಗೆ ಹುಡುಕಿದಳು. ಕೋಪವಿಲ್ಲ, ಕರುಣೆಯಿಲ್ಲ, ಕಣ್ಣೀರಿಲ್ಲ. ಗೋಧಿ ತಳ ಹಿಡಿಯುವ ವಾಸನೆ ಬಂತು, ಒಲೆ ಆರಿಸಿದಳು. ಆಮೇಲೆ ಬಂದು ಅವನಿಗೂ ನಾಯಿಗೂ ನಡುವೆ ನಿಂತಳು.

“ಇಲ್ಲ ಝಿವ್ಕೊ. ಕೊಡಲ್ಲ.”